ಕಪ್ಪತಗುಡ್ಡದ ಹಳೇ ಗಣಿ ಕಡೆ ಮೆಟಲ್ ಡಿಟೆಕ್ಟರ್ ತಗೊಂಡು ಹೋಗಬಹುದೇನ್ರಿ?

ಗದಗಿನ ಹುಡುಗ:
ಎಲ್ಲಾರಿಗೂ ನಮಸ್ಕಾರ್ರಿ. ಸೆಕೆಂಡ್ ಹ್ಯಾಂಡ್ ಡಿಟೆಕ್ಟರ್ ಒಂದು ತಗೊಂಡೀನಿ, ಸಾದಾ ವಿಎಲ್ಎಫ್ (ಕಡಿಮಿ ಫ್ರೀಕ್ವೆನ್ಸಿ ಅಲೆ ಬಿಟ್ಟು ಲೋಹ ಹುಡುಕೋ) ಮಷಿನ್. ಬ್ರಿಟಿಷರ ಕಾಲದಾಗ ಅತ್ತಿಕಟ್ಟಿ, ಕಬಲಾಯತಕಟ್ಟಿ, ಹೊಸೂರ ಸುತ್ತಮುತ್ತ ಬಂಗಾರದ ಗಣಿ ಇದ್ವಲ್ರಿ, ಅಲ್ಲಿ ಹೊರಗ ಒಗದಿರೋ ಕಲ್ಲಿನ ರಾಶಿ ಮ್ಯಾಲೆ ಆಡಿಸಿದ್ರ ಏನರ ಸಿಗ್ತೈತೇನು? ಹಳೇ ಗಣಿ ಅಂದ್ರ ನಂಗ ಸಣ್ಣಾಂವ ಇದ್ದಾಗಿಂದ ಹುಚ್ಚು, ಒಂದ್ಸಲ ಒಳಗ ಹೊಕ್ಕೂ ನೋಡ್ಬೇಕಂತ ಆಸೆ ಐತಿ. ಗೊತ್ತಿದ್ದಾವ್ರು ಹೇಳ್ರಿ.

ಎರಿಹೊಲ:
ತಮ್ಮಾ, ಅಲ್ಲಿ ಬಂಗಾರ ಗಟ್ಟಿ ಗಟ್ಟಿಯಾಗಿ ಬಿದ್ದಿರೂದಿಲ್ಲ. ಬೆಣಚುಕಲ್ಲಿನ ಎಳಿಯೊಳಗ ಹಿಟ್ಟಿನಷ್ಟು ಸಣ್ಣಾಗಿ ಸೇರಿರ್ತೈತಿ, ಅಂಥಾದ್ದಕ್ಕ ನಿನ್ನ ಮಷಿನ್ ಪಿಟ್ಟ್ ಅನ್ನೂದಿಲ್ಲ. ಹಿಂದಕ ಜಾಲಗಾರರು ಮಳಿ ಆದಮ್ಯಾಲೆ ಹಳ್ಳದ ಉಸುಕು ಮರಿಗ್ಯಾಗ ತೊಳದು ತೊಳದು ಬಂಗಾರದ ಪುಡಿ ತಗೀತಿದ್ರು, ಅದಕ್ಕ ಕಣ್ಣು ಕೈ ಪಳಗಿರಬೇಕಿತ್ತು. ಇನ್ನ ಆ ಗುಡ್ಡದಾಗ ಕಬ್ಬಿಣದ ಅದಿರಿನ ಪಟ್ಟಿ ಪಟ್ಟಿ ಕಲ್ಲು ರಗಡ ಅದಾವು, ಮಷಿನ್ ತುದೀಗಿರೋ ದುಂಡನ ಕಾಯಿಲ್ ನೆಲದ ಸಮೀಪ ತಂದ ಕೂಡ್ಲೇ ಒದರಾಕ ಚಾಲೂ ಮಾಡ್ತೈತಿ. ಗ್ರೌಂಡ್ ಬ್ಯಾಲೆನ್ಸ್, ಅಂದ್ರ ನೆಲದ ಸದ್ದು ಕಳಿಯೋ ಸೆಟ್ಟಿಂಗ್, ಮಾಡಿದ್ರೂ ಎರಡ ಹೆಜ್ಜಿ ಆಚೆ ಹೋದ್ರ ಮತ್ತ ಅದ ಹಾಡು. ಪಲ್ಸ್ ಇಂಡಕ್ಷನ್ ಅನ್ನೋ ಇನ್ನೊಂದು ನಮೂನಿ ಮಷಿನ್ ಅಂಥಾ ನೆಲಾ ತಡಕೋತೈತಿ ಖರೆ, ಆದ್ರ ಅದಕ್ಕ ಮೊಳೀನೂ ಒಂದ, ಬಂಗಾರಾನೂ ಒಂದ.

ಡಂಬಳ ರೋಡ್:
ಮಷಿನ್ ಮಾತು ಆಮ್ಯಾಲಿಂದು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ ಐತ್ರಿ, ಪರವಾನಗಿ ಇಲ್ದ ಅಡ್ಯಾಡಿ ನೆಲಾ ಕೆದರಿದ್ರ ಕೇಸ್ ಆಗ್ತೈತಿ. ಹಂಗಂತ ಲಕ್ಕುಂಡಿ, ಡಂಬಳದ ಗುಡಿ ಕಡೆ ಹೊಳ್ಳಬ್ಯಾಡ್ರಿ. ಕೇಂದ್ರ ಪುರಾತತ್ವ ಇಲಾಖೆ ಕಾಯೋ ಗುಡಿ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ಸ್ವಂತ ಹೊಲದಾಗ ಹಳೇ ನಾಣ್ಯ ಸಿಕ್ರೂ ಡಿಸಿ ಆಫೀಸಿಗೆ ಬರದು ತಿಳಸಬೇಕು. ನಿಧಿ ಅಂತ ಗುಡಿ ಬುಡಾ ಅಗದು ಮೂರ್ತಿ ಹಾಳು ಮಾಡಿದ್ದು ನೋಡಿದ್ರ ಹೊಟ್ಟಿ ಉರೀತೈತ್ರಿ.

ಮುಂಡರಗಿ ಅಕ್ಕ:
ಒಳಗ ಹೋಗೂ ವಿಚಾರ ಬಿಟ್ಟಬಿಡಪಾ. ಹಳೇ ಗಣಿ ಬಾಯಿ ಸುತ್ತ ಮುಳ್ಳಕಂಟಿ ಬೆಳದು ಮುಚ್ಚಿರ್ತೈತಿ, ದಂಡೀ ಮಣ್ಣು ಸಡ್ಲ ಆಗಿರ್ತೈತಿ, ಕಾಲಿಟ್ಟ ಮ್ಯಾಲ ತಿಳಿಯೂದು. ಗಾಳಿ ಆಡದ ತಗ್ಗಿನ್ಯಾಗ ಆಕ್ಸಿಜನ್ ಕಮ್ಮಿ ಇರ್ತೈತಿ, ಬ್ಯಾಟರಿ ಹಂಗ ಉರೀತಿರ್ತೈತಿ, ಮನಷ್ಯಾ ತಲಿ ತಿರುಗಿ ಬಿದ್ದಿರ್ತಾನ. ಒಬ್ಬಾಂವ ಬಿದ್ನಂತ ಎತ್ತಾಕ ಇಳದಾವ್ನೂ ಅಲ್ಲೇ ಹೋಗ್ತಾನ. ಮನ್ಯಾಗ ಅವ್ವ ಅಪ್ಪ ಅದಾರಲಾ.

ಗದಗಿನ ಹುಡುಗ:
ಆತ್ರಿ ಅಕ್ಕಾ, ಗಣಿ ಕಡೆ ಹೋಗೂದಿಲ್ಲ. ಮಷಿನ್ ಮತ್ತ ಎಲ್ಲಿ ಆಡಸಲಿ?

ಎರಿಹೊಲ:
ರೋಣ ಕಡೆ ನಮ್ಮ ಹೊಲಕ್ಕ ಬಾ. ಕಡ್ಲಿ ಕೀಳೂವಾಗ ನಮ್ಮ ತಂಗಿ ಬೆಂಡೋಲಿ ಒಂದು ಕಳದೈತಿ, ಅಕಿ ಇನ್ನೂ ಅದನ್ನ ನೆನಸ್ತಾಳ. ಎರಿ ನೆಲಾ ಬ್ಯಾಸಗ್ಯಾಗ ಬಿರಕ ಬಿಟ್ಟಾಗ ಸಣ್ಣ ಸಾಮಾನು ಕೆಳಗ ಇಳೀತೈತಿ, ಅದಕ್ಕ ಬಿರಕ ದೊಡ್ಡೂ ಆಗೂದ್ರೊಳಗ ಬರಬೇಕು. ಕಬ್ಬಿಣ ಕಟ್ ಮಾಡಾಕ ಡಿಸ್ಕ್ರಿಮಿನೇಷನ್ ಬಾಳ ಏರಿಸಬ್ಯಾಡ, ಸಣ್ಣ ಬಂಗಾರದ ಸಿಗ್ನಲ್ಲೂ ಅದರ ಜೋಡಿ ಕಟ್ ಆಗಿ ಹೋಗ್ತೈತಿ. ಹೆಡ್‌ಫೋನ್ ತಗೊಂಡು ಬಾ, ಹೊಲದಾಗ ಗಾಳಿ ಜೋರ ಇರ್ತೈತಿ.