ಕೊನೊನೊವ್ ಪ್ರಕರಣ: ಸ್ಟ್ರಾಸ್‌ಬರ್ಗ್‌ನಲ್ಲಿ ಗೆದ್ದರೋ ಸೋತರೋ?

ಪ್ರಶ್ನೆ (ಕಾನೂನು ವಿದ್ಯಾರ್ಥಿ, ಹಾಸನ):
ಅಣಕು ನ್ಯಾಯಾಲಯಕ್ಕೆ ಪೂರ್ವಾನ್ವಯ ಶಿಕ್ಷೆಯ (ಕೃತ್ಯದ ನಂತರ ಬಂದ ಕಾನೂನಿನಡಿ ಶಿಕ್ಷಿಸುವುದು) ವಿಷಯ ಬಂದಿದೆ. ಆರ್ಡರ್ ಆಫ್ ಲೆನಿನ್ ಪಡೆದ ಸೋವಿಯತ್ ಗೆರಿಲ್ಲಾ ವಾಸಿಲಿ ಕೊನೊನೊವ್‌ಗೆ 30,000 ಯೂರೊ ಪರಿಹಾರ ಸಿಕ್ಕಿತು ಅಂತ ಒಂದು ಕಡೆ, ಅವರು ಸೋತರು ಅಂತ ಇನ್ನೊಂದು ಕಡೆ ಇದೆ. ಯಾವುದು ಸರಿ? ನಮ್ಮ ಸಂವಿಧಾನದ 20(1)ನೇ ವಿಧಿಗೆ ಇದನ್ನು ನೇರವಾಗಿ ಹೊಂದಿಸಬಹುದಾ?

ಉತ್ತರ 1 (ವಕೀಲರು, ಚಿಕ್ಕಮಗಳೂರು):
ಎರಡೂ ನಡೆದಿದೆ, ಆದರೆ ನಿಲ್ಲುವುದು ಸೋಲು. 2008ರ ಜುಲೈನಲ್ಲಿ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಸಣ್ಣ ಪೀಠ 4–3ರಿಂದ ಅವರ ಪರ ತೀರ್ಪು ಕೊಟ್ಟು ಪರಿಹಾರ ಘೋಷಿಸಿತು. ಲಾಟ್ವಿಯಾ ಸರ್ಕಾರ ಅದೇ ನ್ಯಾಯಾಲಯದ ಮಹಾಪೀಠಕ್ಕೆ ಹೋಯಿತು. 2010ರ ಮೇ 17ರಂದು 14–3ರಿಂದ ಎಲ್ಲ ತಲೆಕೆಳಗಾಯಿತು. 2008ರದ್ದನ್ನೇ ಅಂತಿಮ ಅಂತ ಬರೆದರೆ ಎದುರು ತಂಡ ಅಲ್ಲೇ ಹಿಡಿಯುತ್ತದೆ.

ಲಾಟ್ವಿಯಾದೊಳಗಿನ ಹಾದಿಯೂ ನೇರವಿಲ್ಲ. 1944ರಲ್ಲಿ ಹಳ್ಳಿಯವರನ್ನು ಕೊಂದ ಆರೋಪದ ಮೇಲೆ 1998ರಲ್ಲಿ ಬಂಧನ, 2000ರಲ್ಲಿ 6 ವರ್ಷ ಶಿಕ್ಷೆ, ಆಮೇಲೆ ಮರುತನಿಖೆ. 2003ರಲ್ಲಿ ಯುದ್ಧಾಪರಾಧದಿಂದ ಖುಲಾಸೆ. ದರೋಡೆಕೋರತನದ ಆರೋಪ ಸಾಬೀತಾದರೂ ಕಾಲಮಿತಿ ಮೀರಿತ್ತು. 2004ರಲ್ಲಿ ಮತ್ತೆ ಯುದ್ಧಾಪರಾಧಿ: 1 ವರ್ಷ 8 ತಿಂಗಳು. ವಿಚಾರಣಾಧೀನರಾಗಿ ಅಷ್ಟು ಕಾಲ ಆಗಲೇ ಜೈಲಿನಲ್ಲಿ ಕಳೆದಿದ್ದರು.

ಉತ್ತರ 2 (ಇತಿಹಾಸ ಓದುಗ, ಸಕಲೇಶಪುರ):
ಘಟನೆಯನ್ನು ಬಿಟ್ಟು ಬರೀ ಕಾನೂನು ಹೇಳಬೇಡಿ. 1944ರ ಮೇ 27, ಲಾಟ್ವಿಯಾದ ಮಾಜಿಯೆ ಬಾತಿ ಎಂಬ ಹಳ್ಳಿ. ಗೆರಿಲ್ಲಾಗಳು ಜರ್ಮನ್ ಸಮವಸ್ತ್ರ ತೊಟ್ಟು ಒಳಬಂದರು. ತಮ್ಮ ಇನ್ನೊಂದು ತಂಡವನ್ನು ಹಳ್ಳಿಯವರು ಜರ್ಮನ್ನರಿಗೆ ಹಿಡಿದುಕೊಟ್ಟರು ಅನ್ನುವುದು ಅವರ ದೂರು. ಮನೆಗಳಲ್ಲಿ ಜರ್ಮನ್ನರು ಕೊಟ್ಟ ಬಂದೂಕು, ಗ್ರೆನೇಡ್ ಇದ್ದವು. ಸತ್ತವರು 9 ಮಂದಿ. ಮೂವರು ಹೆಂಗಸರು, ಅವರಲ್ಲೊಬ್ಬಳು ತುಂಬುಗರ್ಭಿಣಿ. ‘ಅವರೂ ಶಸ್ತ್ರಧಾರಿಗಳು’ ಅನ್ನುವ ವಾದ ಇಲ್ಲೇ ಕುಸಿಯುತ್ತದೆ. ಹೋರಾಟಗಾರರು ಅಂತಲೇ ಇಟ್ಟುಕೊಂಡರೂ, ಸೆರೆಸಿಕ್ಕವರನ್ನು ಕೊಲ್ಲುವಂತಿರಲಿಲ್ಲ ಅಂದಿತು ಮಹಾಪೀಠ.

ಉತ್ತರ 3 (ವಕೀಲರು, ಚಿಕ್ಕಮಗಳೂರು):
20(1)ಕ್ಕೆ ನೇರವಾಗಿ ಹೊಂದಿಸಬೇಡಿ, ಹೆಚ್ಚಿನವರು ಎಡವುವುದೇ ಇಲ್ಲಿ. ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ 7(1)ರಲ್ಲಿ ‘ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಕಾನೂನು’ ಅಂತಿದೆ. ಆ ‘ಅಥವಾ’ ಇದ್ದದ್ದರಿಂದಲೇ 1907ರ ಹೇಗ್ ಯುದ್ಧ ನಿಯಮಗಳು 1944ರಲ್ಲೇ ಜಾರಿಯಲ್ಲಿದ್ದವು ಅಂತ ಹಿಡಿಯಲು ದಾರಿಯಾಯಿತು. ಲಾಟ್ವಿಯಾ ತನ್ನ ಅಪರಾಧ ಸಂಹಿತೆಗೆ ಯುದ್ಧಾಪರಾಧದ ಕಲಂ ಸೇರಿಸಿದ್ದು 1993ರಲ್ಲಿ. ಆದರೂ ಅಪರಾಧ ಹೊಸದಲ್ಲ ಅಂತಾಯಿತು. ನಮ್ಮ 20(1)ರಲ್ಲಿ ‘ಜಾರಿಯಲ್ಲಿದ್ದ ಕಾನೂನು’ ಅಂತ ಮಾತ್ರ ಇದೆ.

ಇನ್ನೊಂದು: 7(2)ರ (ನಾಗರಿಕ ರಾಷ್ಟ್ರಗಳು ಒಪ್ಪಿದ ಸಾಮಾನ್ಯ ಕಾನೂನು ತತ್ವಗಳ ಪ್ರಕಾರ ಅಪರಾಧವಾಗಿದ್ದ ಕೃತ್ಯಗಳಿಗೆ ವಿನಾಯಿತಿ ಕೊಡುವ ಕಲಂ) ಮೇಲೆ ವಾದ ಕಟ್ಟಬೇಡಿ. ಮಹಾಪೀಠ 7(1)ರಲ್ಲೇ ಮುಗಿಸಿ, ಅದನ್ನು ನೋಡುವ ಅಗತ್ಯವಿಲ್ಲ ಅಂದಿದೆ. ಮೇಲ್ಮನವಿದಾರರ ಪರ ನಿಂತರೆ ಕಾಲಮಿತಿಯನ್ನು ಹಿಡಿಯಿರಿ. ಭಿನ್ನಮತದ ಮೂವರು ಒತ್ತಿ ಹೇಳಿದ್ದರಲ್ಲಿ ಅದೂ ಒಂದು.