ಪದಚರ್ಚೆ: ‘ಪಿನ್‌ಹೋಲ್’ಗೆ ಕನ್ನಡ ಬೇಕು (ಮಸೂರವಿಲ್ಲದ ಕಣ್ಣು), ತುರ್ತು

ಕಣ್ಣಿನ ತಪಾಸಣೆ ಕೋಣೆಯ ಫಲಕ ನಾಳೆ ಅಚ್ಚಿಗೆ ಹೋಗಬೇಕು. ಪೊರೆ ತೆಗೆಸಿಕೊಂಡು ಒಳಗೆ ಲೆನ್ಸ್ ಹಾಕಿಸದೆ ಉಳಿದವರಿಗಾಗಿ. ಕರಡು: “ಒಂದು ಕಣ್ಣು ಮುಚ್ಚಿ, ಇನ್ನೊಂದರ ಮುಂದೆ ಸೂಜಿರಂಧ್ರದ ತಟ್ಟೆ ಹಿಡಿದು ಅಕ್ಷರ ಓದಿ.” ‘ಸೂಜಿರಂಧ್ರ’ ನಡೆಯುತ್ತದೆಯೇ? ‘ಅಫೇಕಿಯಾ’ಕ್ಕೆ (ಕಣ್ಣೊಳಗೆ ಮಸೂರ ಇಲ್ಲದ ಸ್ಥಿತಿ) ‘ಅಮಸೂರತೆ’ ಅನ್ನಬಹುದೇ?

ಮರು: ಸೂಜಿರಂಧ್ರ ಶಾಲೆಯ ವಿಜ್ಞಾನದಲ್ಲೇ ಇದೆ, ಮುಗಿಯಿತು. ಅಮಸೂರತೆ ಬೇಡವೇ ಬೇಡ. ಮಸೂರ ಎಂದರೆ ಚನ್ನಂಗಿ ಬೇಳೆ. ಲ್ಯಾಟಿನ್ನಿನ ಲೆನ್ಸ್, ಗ್ರೀಕಿನ ಫಾಕೋಸ್ ಎರಡೂ ಅದೇ ಬೇಳೆ. ಫಲಕ ನೋಡಿದವರು ಮನೆಯಲ್ಲಿ ಬೇಳೆ ಮುಗಿದಿದೆ ಅಂದುಕೊಂಡಾರು.

ಮರು: ರಂಧ್ರ ಯಾಕ್ರೀ? ಮುತ್ತಿಗೆ ಬೆಜ್ಜ ಕೊರೆದ ನುಡಿ ನಮ್ಮದು. ‘ಸೂಜಿಬೆಜ್ಜ’ ಅನ್ನಿ.

ಮರು: ಬೆಜ್ಜ ತದ್ಭವ ಸ್ವಾಮಿ, ವೇಧ್ಯದಿಂದ ಬಂದದ್ದು. ಬೇರೆ ಹುಡುಕಿ.

ಮರು: ಪದ ಆಮೇಲೆ, ಮೊದಲು ಕರಡನ್ನೇ ತಿದ್ದಿ. ತಟ್ಟೆಯ ತೂತು 1.2 ಮಿ.ಮೀ. ಇರುತ್ತದೆ, ಸೂಜಿಮೊನೆಯಷ್ಟಲ್ಲ. ಅದಕ್ಕಿಂತ ತೀರಾ ಸಣ್ಣದಾದರೆ ಬೆಳಕು ಅಂಚಿನಲ್ಲಿ ಬಾಗಿ ಹರಡುತ್ತದೆ, ಅಕ್ಷರ ಮತ್ತೆ ಮಬ್ಬು. ಈ ತೂತು, ಕನ್ನಡಕದ ಪವರಿನ ಅಳತೆಯಲ್ಲಿ, ಸುಮಾರು 3 ಡಯಾಪ್ಟರ್‌ವರೆಗಿನ ದೋಷವನ್ನಷ್ಟೇ ಮರೆಸುತ್ತದೆ. ಮಸೂರವಿಲ್ಲದ ಕಣ್ಣಿಗೆ ಸಾಮಾನ್ಯವಾಗಿ +10ರಿಂದ +12ರ ಕನ್ನಡಕವೇ ಬೇಕು. ಬರೀ ತಟ್ಟೆ ಹಿಡಿಸಿದರೆ ಮಬ್ಬು ತಗ್ಗುತ್ತದೆಯೇ ಹೊರತು ಕೆಳಸಾಲು ಕಾಣುವುದಿಲ್ಲ. ತಪಾಸಣೆ ಮಾಡುವವರು ಅಕ್ಷಿಪಟಲವೇ ಕೆಟ್ಟಿದೆ ಎಂದು ಬರೆದುಬಿಡುತ್ತಾರೆ. ಆದ್ದರಿಂದ ಟ್ರಯಲ್ ಫ್ರೇಮಿನ (ಗಾಜು ಬದಲಿಸಿ ನೋಡುವ ತಪಾಸಣೆ ಕನ್ನಡಕ) ಹಿಂದಿನ ಗೂಡಿಗೆ +10, ಮುಂದಿನ ಗೂಡಿಗೆ ತೂತಿನ ತಟ್ಟೆ. ಉಳಿದ ಒಂದೆರಡು ಡಯಾಪ್ಟರನ್ನು ತೂತು ನೋಡಿಕೊಳ್ಳುತ್ತದೆ. 4 ಮಿ.ಮೀ. ಪಾಪೆಗೆ ಹೋಲಿಸಿದರೆ ಒಳಹೋಗುವ ಬೆಳಕು ಹನ್ನೊಂದರಲ್ಲಿ ಒಂದು ಪಾಲು, ಹಾಗಾಗಿ ಚಾರ್ಟಿಗೆ ಬೆಳಕು ಜೋರಾಗಿರಲಿ. ಹಲವು ತೂತಿನ ತಟ್ಟೆಯಾದರೆ ತೂತುಗಳ ನಡುವಿನ ಅಂತರ ಪಾಪೆಗಿಂತ ಹೆಚ್ಚಿರಬೇಕು, ಇಲ್ಲದಿದ್ದರೆ ಒಂದಕ್ಷರ ಎರಡಾಗಿ ಕಾಣುತ್ತದೆ.

ಮರು: ಟ್ರಯಲ್ ಫ್ರೇಮ್, ಚಾರ್ಟ್, ಡಯಾಪ್ಟರ್ ಎಲ್ಲಾ ಇಂಗ್ಲಿಶಿನವು. ಅವು ನಡೆಯುತ್ತವೆ, ರಂಧ್ರ ಮಾತ್ರ ಕುತ್ತಿಗೆಗೆ ಬರುತ್ತದೆಯೇ?

ಮರು: ಇಂಗ್ಲಿಶಿನದು ಸಾಲ ಅಂತ ಎಲ್ಲರಿಗೂ ಗೊತ್ತಿದೆ. ಸಂಸ್ಕೃತದ್ದನ್ನು ಪಿತ್ರಾರ್ಜಿತ ಅಂತೀರಲ್ಲ, ತಕರಾರು ಅದಕ್ಕೆ.

ಮರು: ಈ ಜಗಳಕ್ಕೆ ಬೇರೆ ಎಳೆ ತೆರೆಯಿರಿ.

ಮರು (ಕೇಳಿದವರು): ಹೀಗೆ ಕಳಿಸುತ್ತಿದ್ದೇನೆ: “ಲೆನ್ಸ್ ಇಲ್ಲದ ಕಣ್ಣು: ಮೊದಲು +10 ಗಾಜು, ಅದರ ಮುಂದೆ ಸಣ್ಣ ತೂತಿನ ತಟ್ಟೆ. ಇನ್ನೊಂದು ಕಣ್ಣು ಮುಚ್ಚಿರಲಿ.”

ಮರು: ‘ಗಾಜು’ ಕೂಡ ತದ್ಭವವೇ.