ಪದಚರ್ಚೆ: ವೈಫೈ ‘ಹಿಡಿದಿದೆ’, ನೆಟ್ ‘ಬಂದಿಲ್ಲ’ – ಹೀಗೆ ಬರೆದರೆ ಆಗುತ್ತದಾ?

ಬಳಗದ ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ನಮ್ಮೂರ ವಾಚನಾಲಯದ ಗೋಡೆಗೆ ಅಂಟಿಸಲು ಒಂದು ಪುಟದ ಚೀಟಿ ಬರೆಯುತ್ತಿದ್ದೇನೆ. ಮನೆಯ ವೈಫೈಯಲ್ಲಿ ಲ್ಯಾಪ್‌ಟಾಪಿಗೆ ನೆಟ್ ಬಾರದಿದ್ದರೆ ಮೊದಲು ಏನು ನೋಡಬೇಕು ಅಂತ. ವಿಷಯ ದೊಡ್ಡದೇನಲ್ಲ. ತೊಡಕಾದದ್ದು ‘ಸಂಪರ್ಕ’ ಎಂಬ ಪದ.

ಲ್ಯಾಪ್‌ಟಾಪಿನಿಂದ ರೂಟರ್, ಅಂದರೆ ವೈಫೈ ಪೆಟ್ಟಿಗೆಯವರೆಗಿನ ದಾರಿ ಒಂದು, ರೂಟರ್‌ನಿಂದ ಆಚೆ ಹೋಗುವ ದಾರಿ ಇನ್ನೊಂದು. ಮೊದಲನೆಯದು ಸರಿಯಿದ್ದು ಎರಡನೆಯದು ಕೆಟ್ಟಿರುವುದೇ ಜಾಸ್ತಿ. ಎರಡಕ್ಕೂ ‘ಸಂಪರ್ಕ’ ಎಂದರೆ ಓದುವವರಿಗೆ ತಲೆಬುಡ ಗೊತ್ತಾಗುವುದಿಲ್ಲ. ನೀರ್ಚಾಲಿನ ದೊಡ್ಡಮ್ಮ ಫೋನಿನಲ್ಲಿ ಹೇಳುವುದೇ ಹೀಗೆ: “ಸಂಪರ್ಕ ಇದ್ದು ಹೇಳಿ ತೋರ್ಸುತ್ತು, ಆದರೆ ಎಂತದೂ ಓಪನ್ ಆವ್ತಿಲ್ಲೆ.” ಅವರು ಹೇಳುವುದು ಸರಿಯೇ. ವೈಫೈ ಇದೆ, ಇಂಟರ್ನೆಟ್ ಇಲ್ಲ. ವಿಂಡೋಸ್ 11ರಲ್ಲಿ ಆಗ ವೈಫೈ ಗುರುತಿನ ಜಾಗದಲ್ಲಿ ಗ್ಲೋಬ್ ಕಾಣುತ್ತದೆ. ಉಬುಂಟುವಿನಲ್ಲಿ ಪ್ರಶ್ನೆ ಚಿಹ್ನೆ.

ನಮ್ಮಲ್ಲಿ ತುಳುವಿನವರು “ವೈಫೈ ಪತ್ತುಂಡು, ನೆಟ್ಟ್ ಬರ್ಪುಜಿ” ಅನ್ನುತ್ತಾರೆ. ಹಿಡಿಯುತ್ತದೆ, ಆದರೆ ಬರುವುದಿಲ್ಲ. ಎರಡು ಕ್ರಿಯಾಪದ, ಎರಡು ಬೇರೆ ಸಂಗತಿ. ಕನ್ನಡದಲ್ಲೂ ‘ರೇಡಿಯೊದಲ್ಲಿ ಮಂಗಳೂರು ಸ್ಟೇಷನ್ ಹಿಡಿಯುತ್ತದೆ’ ಎನ್ನುವ ಮಾತು ಇತ್ತಲ್ವಾ? ಹಾಗಾಗಿ ಚೀಟಿಯಲ್ಲಿ ‘ವೈಫೈ ಹಿಡಿದಿದೆ, ನೆಟ್ ಬಂದಿಲ್ಲ’ ಎಂದೇ ಬರೆದಿದ್ದೇನೆ. ‘ಅಂತರ್ಜಾಲ ಸಂಪರ್ಕ ಲಭ್ಯವಿಲ್ಲ’ ಅಂತ ಬರೆದರೆ ನಮ್ಮ ಕಡೆ ಯಾರೂ ಎರಡನೇ ಸಾಲು ಓದುವುದಿಲ್ಲ.

‘ರೇಂಜ್’ ಬೇರೆ ಇದೆ. ಮಲಯಾಳದ ಬಳಕೆ ನಮ್ಮ ಕನ್ನಡಕ್ಕೂ ಬಂದು, ಮೊಬೈಲಿಗೆ ಸಿಗ್ನಲ್ ಸಿಗದಿದ್ದರೆ ‘ರೇಂಜ್ ಇಲ್ಲ’ ಅನ್ನುತ್ತೇವೆ. ಘಟ್ಟದ ಮೇಲಿನವರು ಅದಕ್ಕೇ ‘ಟವರ್ ಇಲ್ಲ’ ಅನ್ನುವುದನ್ನೂ ಕೇಳಿದ್ದೇನೆ. ವೈಫೈ ವಿಷಯದಲ್ಲಿ ಮಾತ್ರ ಇದು ದಾರಿ ತಪ್ಪಿಸುತ್ತದೆ. ರೇಂಜ್ ಫುಲ್ ಇದ್ದೂ ನೆಟ್ ಇಲ್ಲದಿರಬಹುದು. ಗೆರೆಗಳು ತೋರಿಸುವುದು ರೂಟರ್‌ವರೆಗಿನ ಕಥೆ ಮಾತ್ರ. ಮಳೆಗಾಲದಲ್ಲಿ ಕೊಂಬೆ ಬಿದ್ದು ಫೈಬರ್ ಕಡಿದರೆ ಪೆಟ್ಟಿಗೆಯಲ್ಲಿ ‘ಲಾಸ್’ (LOS, ಅಂದರೆ ಲೈನಿನಿಂದ ಸಿಗ್ನಲ್ ಬರುತ್ತಿಲ್ಲ) ಎಂಬ ಕೆಂಪು ಲೈಟ್ ಮಿಣುಕುತ್ತದೆ, ಲ್ಯಾಪ್‌ಟಾಪಿನಲ್ಲಿ ಗೆರೆಗಳು ಆಗಲೂ ತುಂಬಿಯೇ ಇರುತ್ತವೆ. ಆ ಅಕ್ಷರಗಳನ್ನು ‘ಎಲ್‌ಒಎಸ್’ ಎಂದು ಬರೆಯಲಾ, ‘ಲಾಸ್’ ಎಂದೇ ಬರೆಯಲಾ? ‘ಲಾಸ್’ ಎಂದರೆ ನಮ್ಮ ಅಡಿಕೆ ವ್ಯಾಪಾರಿಗಳು ಬೇರೆಯೇ ಅರ್ಥ ಮಾಡಿಕೊಂಡಾರು!

ಇನ್ನೊಂದು ಸಂದರ್ಭಕ್ಕೆ ಪದವೇ ಸಿಕ್ಕಿಲ್ಲ. ಮನೆಯ ಉಳಿದ ಫೋನುಗಳಿಗೆ ನೆಟ್ ಬರುತ್ತದೆ, ಈ ಲ್ಯಾಪ್‌ಟಾಪಿಗೆ ಮಾತ್ರ ಇಲ್ಲ. ಸೆಟ್ಟಿಂಗ್ಸ್ ತೆಗೆದು ನೋಡಿದರೆ ಅದರ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಅಂಕಿಗಳು) 169.254 ಎಂದು ಶುರುವಾಗಿರುತ್ತದೆ. ಅಂದರೆ ರೂಟರ್ ಕೊಡಬೇಕಾದ ವಿಳಾಸ ಸಿಗದೆ, ಲ್ಯಾಪ್‌ಟಾಪ್ ತಾನೇ ಒಂದನ್ನು ಹಾಕಿಕೊಂಡಿದೆ. ಸಾಮಾನ್ಯವಾಗಿ ಅದು 192.168 ಎಂದು ಶುರುವಾಗಬೇಕು. ಈ ತಾನಾಗಿ ಹಾಕಿಕೊಂಡ ವಿಳಾಸಕ್ಕೆ ‘ಸ್ವಯಂನಿಯೋಜಿತ’ ಎನ್ನುವುದು ನನಗೆ ರುಚಿಸಲಿಲ್ಲ. ಸದ್ಯ ‘ಸ್ವಂತ ವಿಳಾಸ’ ಎಂದಿದ್ದೇನೆ. ಆದರೆ ಅದನ್ನು ಓದಿದವರು ಮನೆ ವಿಳಾಸ ಅಂದುಕೊಳ್ಳುವ ಅಪಾಯ ಇದೆ.

ಎಲ್ಲಕ್ಕಿಂತ ತುರ್ತಿನದ್ದು ‘ರೀಸ್ಟಾರ್ಟ್’ ಮತ್ತು ‘ರೀಸೆಟ್’. ಬಾಯಿಮಾತಿನಲ್ಲಿ ಎರಡೂ ‘ರೀಸೆಟ್’ ಆಗಿಬಿಟ್ಟಿವೆ. ಪೆಟ್ಟಿಗೆಯ ಸ್ವಿಚ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ ಎಂದು ಹೇಳಲು ಹೋದರೆ, ಕೆಲವರು ಹಿಂದಿನ ಸಣ್ಣ ತೂತಿಗೆ ಸೂಜಿ ತೂರಿಸಿ ಒತ್ತಿ ಹಿಡಿಯುತ್ತಾರೆ. ಅಲ್ಲಿಗೆ ವೈಫೈ ಹೆಸರು, ಪಾಸ್‌ವರ್ಡ್ ಎಲ್ಲ ಹೋಗುತ್ತದೆ. ಲೈನಿನ ಲಾಗಿನ್ ಪೆಟ್ಟಿಗೆಯಲ್ಲೇ ಹಾಕಿದ್ದರೆ ಅದೂ ಅಳಿಸಿಹೋಗಿ, ಕೇಬಲಿನವರು ಬರುವ ತನಕ ಕಾಯಬೇಕು. ‘ಮರುಪ್ರಾರಂಭಿಸಿ’, ‘ಮರುಹೊಂದಿಸಿ’ ಎಂಬ ಜೋಡಿ ಮೊಬೈಲಿನ ಕನ್ನಡದಲ್ಲಿದೆ, ಆದರೆ ಅವಸರದಲ್ಲಿ ಓದಿದರೆ ಎರಡೂ ಒಂದೇ ಥರ ಕಾಣುತ್ತವೆ. ‘ಆಫ್ ಮಾಡಿ ಆನ್ ಮಾಡಿ’ ಮತ್ತು ‘ಪೂರ್ತಿ ಅಳಿಸಿಬಿಡುವ ಬಟನ್, ಮುಟ್ಟಬೇಡಿ’ ಎಂದು ಬರೆಯುವುದೇ ಕ್ಷೇಮ ಅಂತ ನನ್ನ ಅಭಿಪ್ರಾಯ.

ಹೊಸೂರು, ಅಕ್ಕಲಕೋಟೆ, ಮಡಕಶಿರಾ ಕಡೆಯವರೂ ಈ ಬಳಗದಲ್ಲಿ ಇದ್ದೀರಿ. ವೈಫೈ ನಿಮ್ಮಲ್ಲಿ ‘ಹಿಡಿಯುತ್ತದಾ’, ‘ಸಿಗುತ್ತದಾ’, ‘ಕೂಡುತ್ತದಾ’? ನಿಘಂಟಿನ ಪದ ಬೇಡ, ಮನೆಯಲ್ಲಿ ಆಡುವುದನ್ನೇ ಬರೆಯಿರಿ. 169.254ಕ್ಕೆ ಯಾರಾದರೂ ಒಳ್ಳೆಯ ಹೆಸರು ಕೊಟ್ಟರೆ ಚೀಟಿ ಅಚ್ಚಿಗೆ ಕೊಡುತ್ತೇನೆ.